ಬಲ್ಬು ರಾಜನ ಚರಿತ್ರೆಕಾರ

ನಮ್ಮ ಭಾವ ಬಾಕಿ ಎಲ್ಲ ಬೆರಳುಗಳ ಉಗುರನ್ನು ಶುಕ್ರವಾರ ಬೆಳಿಗ್ಗೆ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದರು. ಬಲಗೈಯ ಕಿರುಬೆರಳಿನದನ್ನು ಮಾತ್ರ ಬೆಳೆಯಲು ಬಿಟ್ಟಿದ್ದರು. ಹಳದಿಗಟ್ಟಿ, ತುದಿಯಲ್ಲಿ ತುಸು ಒಳಕ್ಕೆ ಬಾಗಿದ್ದ ಆ ಉಗುರಿನಿಂದ ಅವರು ಪುಸ್ತಕದ ಹಾಳೆ ತಿರುವುತ್ತಿದ್ದರು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮೀನಿನ ಮುಳ್ಳು ತೆಗೆಯುತ್ತಿದ್ದರು, ಆಮೇಲೆ ಅದೇ ಉಗುರನ್ನು ಇಂಗ್ಲಿಷ್ ಸಾಲೊಂದರ ಕೆಳಗೆ ನಿಧಾನವಾಗಿ ಎಳೆಯುತ್ತ, "ಇಲ್ಲಿ ನೋಡು, ಇದೇ ಅವನು" ಎನ್ನುತ್ತಿದ್ದರು.

ಅವನು ಎಂದರೆ ಒಬ್ಬ ರಾಜ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸಾವಿರದ ಮುನ್ನೂರು ವರ್ಷಗಳ ಹಿಂದೆ ಆಳಿದ್ದನಂತೆ. ಆಳಿದ್ದನೋ ಇಲ್ಲವೋ ಅದೂ ಖಚಿತವಿಲ್ಲ. ನಮ್ಮಲ್ಲಿ ತಾಮ್ರದ ತಗಡಿನ ಮೇಲೆ ಶಾಸನ ಕೆತ್ತಿಸಿದ ಹಾಗೆ ಅಲ್ಲಿ ಚರ್ಮದ ಹಾಳೆಯ ಮೇಲೆ ದಾನಪತ್ರ ಬರೆಸುತ್ತಿದ್ದರು. ಬೇರೆ ಯಾರೋ ರಾಜ ಮಠಕ್ಕೆ ಭೂಮಿ ಬಿಟ್ಟಾಗ ಬರೆಸಿದ ಅಂಥ ಪತ್ರದ ಕೆಳಗೆ, ಸಾಕ್ಷಿಗಳ ಸಾಲಿನಲ್ಲಿ, ಇವನ ಹೆಸರಿದೆ. ಅಷ್ಟೆ. ಅವನ ಅಪ್ಪ ಯಾರು, ಮಕ್ಕಳಿದ್ದರೇ, ಯಾರೊಂದಿಗಾದರೂ ಕಾದಾಡಿದನೇ, ಹೇಗೆ ಸತ್ತ, ಒಂದೂ ಗೊತ್ತಿಲ್ಲ. ಹೆಸರು ಬಲ್ಬಿನ ಮೇಲೆ ಅಚ್ಚಾಗಿರುತ್ತದಲ್ಲ, ನಲವತ್ತು, ಅರವತ್ತು ಎಂಬ ಅಂಕಿಯ ಪಕ್ಕದ ಪದ, ಹೆಚ್ಚುಕಡಿಮೆ ಅದೇ. ಹಾಗಾಗಿ ಮಸ್ಕತ್ತಿನಲ್ಲಿದ್ದ ನಮ್ಮ ಊರಿನವರೆಲ್ಲ ಅವನನ್ನು ಬಲ್ಬು ರಾಜ ಎಂದೇ ಕರೆಯುತ್ತಿದ್ದರು. ಭಾವನ ಎದುರು ಅಲ್ಲ.

ನಾನು ಒಮಾನಿಗೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ, ಭಾವ ಮಾಡಿಸಿಕೊಟ್ಟ ವೀಸಾದ ಮೇಲೆ. ಅವರು ಮಸ್ಕತ್ತಿನ ರೂವಿಯ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಇಂಗ್ಲಿಷ್ ಪತ್ರಗಳನ್ನು ಬರೆಯುವ ಗುಮಾಸ್ತ. ನನ್ನನ್ನು ಅದೇ ಕಂಪನಿಯ ಬರ್ಕಾ ಅಂಗಡಿಗೆ ಹಾಕಿದರು. ಖರ್ಜೂರದ ತೋಟಗಳಿಗೆ ನೀರಿನ ಪಂಪು ಮಾರುವುದು, ಕೆಟ್ಟುಹೋದರೆ ರುಸ್ತಾಕಿನವರೆಗೂ ಪಿಕಪ್ಪಿನಲ್ಲಿ ಹೋಗಿ ರಿಪೇರಿ ಮಾಡಿಸುವುದು ನನ್ನ ಕೆಲಸ. ಶುಕ್ರವಾರ ರಜೆ. ಅಂದು ಬೆಳಿಗ್ಗೆ ಬರ್ಕಾದ ಕಡಲ ದಡದಲ್ಲಿ ಮೀನು ಕೊಂಡು ರೂವಿಗೆ ಹೋಗಿ, ಅಕ್ಕನ ಕೈಯ ಊಟ ಮಾಡಿ ಸಂಜೆ ವಾಪಸಾಗುತ್ತಿದ್ದೆ. ಅಕ್ಕ ಇಲ್ಲದಿದ್ದರೆ ಆ ಮನೆಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ.

ಕಂಪನಿಯ ಹಳೆಯ ಇಂಗ್ಲಿಷ್ ಮ್ಯಾನೇಜರ್ ಊರಿಗೆ ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ ಬಿಟ್ಟುಹೋಗಿದ್ದನಂತೆ. ಬೇರೆಯವರು ಅದರಲ್ಲಿದ್ದ ಪತ್ತೇದಾರಿ ಕಾದಂಬರಿಗಳನ್ನು ಎತ್ತಿಕೊಂಡರು. ಉಳಿದದ್ದು ಹಳೆಯ ಇಂಗ್ಲೆಂಡಿನ ರಾಜರ ಮೇಲಿನ ದಪ್ಪ ಪುಸ್ತಕ. ಅದು ಭಾವನ ಪಾಲಾಯಿತು. ಅದರಲ್ಲಿ ಹೆಸರುವಾಸಿ ರಾಜರು ಎಷ್ಟೋ ಜನ ಇದ್ದರು. ಭಾವ ಹುಡುಕಿ ಹುಡುಕಿ ಆರಿಸಿಕೊಂಡದ್ದು ಯಾರಿಗೂ ಏನೂ ಗೊತ್ತಿಲ್ಲದ ಇವನನ್ನು. ಒಮ್ಮೆ ನಾನು ಕೇಳಿಯೇ ಬಿಟ್ಟೆ.

"ಅಷ್ಟು ದೊಡ್ಡ ದೊಡ್ಡ ರಾಜರು ಇರುವಾಗ ಇವನೇ ಯಾಕೆ ಭಾವ?"

ಅವರು ಕನ್ನಡಕ ಹಣೆಗೇರಿಸಿ, ಪಂಪು ಮಾರುವವನಿಗೆ ಎಷ್ಟು ಹೇಳಿದರೆ ಸಾಕು ಎಂದು ಲೆಕ್ಕ ಹಾಕುವವರ ಹಾಗೆ ನನ್ನನ್ನು ನೋಡಿದರು. "ದೊಡ್ಡವರ ಮೇಲೆ ಸಾವಿರ ಜನ ಬರೆದಿದ್ದಾರೆ. ಇವನ ಮೇಲೆ ಯಾರೂ ಇಲ್ಲ. ನಾನು ಬರೆದರೆ ನಾನೇ ಅಥಾರಿಟಿ. ತಪ್ಪು ಅಂತ ಹೇಳ್ಲಿಕ್ಕೆ ಯಾರಿಂದ ಆಗ್ತದೆ?"

ನನ್ನ ಭಾವನನ್ನು ಅಳೆಯಲು ನನಗೆ ಬೇರೆ ಮಾತು ಬೇಕಾಗಲಿಲ್ಲ. ಸೋಲಲು ಸಾಧ್ಯವೇ ಇಲ್ಲದ ಜಾಗ ಹುಡುಕಿ ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಮನುಷ್ಯ ಅವರು.

ಮನೆಯಲ್ಲಿ ಅಕ್ಕ ಮತ್ತು ನಾನು ತುಳು ಮಾತಾಡುತ್ತಿದ್ದೆವು. ಭಾವ ಕನ್ನಡದಲ್ಲಿ ಉತ್ತರಿಸುತ್ತಿದ್ದರು, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ತುಳುವಿನಲ್ಲಿ ಚರಿತ್ರೆ ಬರೆಯಲಿಕ್ಕಾಗುವುದಿಲ್ಲ, ಅದನ್ನು ಮಾತಾಡಿ ಪ್ರಯೋಜನವಿಲ್ಲ ಎನ್ನುವುದು ಅವರ ಅಭಿಪ್ರಾಯ. ಅವರ ಬಾಯಲ್ಲಿ ಸದಾ ಇದ್ದ ಮಾತು, "ಆಧಾರ ಉಂಟಾ?" ಯಾರು ಏನು ಹೇಳಿದರೂ ಇದೇ. ಈ ಸಲ ಸೆಕೆ ಜಾಸ್ತಿ ಎಂದರೆ, ಆಧಾರ ಉಂಟಾ? ಅಕ್ಕ ಒಮ್ಮೆ ತಲೆನೋವೆಂದು ಮಲಗಿದ್ದಾಗ ಬಾಗಿಲಲ್ಲಿ ನಿಂತು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ: "ಜ್ವರ ಇಲ್ಲ, ವಾಂತಿ ಇಲ್ಲ. ಮತ್ತೆ ತಲೆನೋವು ಅನ್ಲಿಕ್ಕೆ ಆಧಾರ ಎಂತ ಉಂಟು?" ಅಕ್ಕ ಎದ್ದು ಚಹಾ ಮಾಡಿ ಕೊಟ್ಟಳು.

ಅವರಿಗೆ ಮಕ್ಕಳಿರಲಿಲ್ಲ. ಹಗಲೆಲ್ಲ ಒಬ್ಬಳೇ ಇರುತ್ತಿದ್ದ ಅಕ್ಕ ಬೀದಿಯ ಹೆಂಗಸರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಸಂಜೆ ಭಾವ ಬರುವ ಹೊತ್ತಿಗೆ ಹೊಲಿಗೆ ಮಿಷನ್ನನ್ನು ಮಂಚದ ಕೆಳಗೆ ತಳ್ಳಿಬಿಡಬೇಕು. ಅದರ ಶಬ್ದಕ್ಕೆ ಏಳನೆಯ ಶತಮಾನ ಚದುರಿಹೋಗುತ್ತದಂತೆ.

ಒಂದು ವರ್ಷ ನಮ್ಮ ಕನ್ನಡಿಗರು ಸೇರಿ ಚೌತಿ ಕಳೆದ ಮೇಲೆ ಸಣ್ಣ ಕೂಟ ಮಾಡಿದರು. ಮಕ್ಕಳ ಹಾಡು, ಹೆಂಗಸರ ರಂಗೋಲಿ, ಗೋಳಿಬಜೆ, ಚಹಾ. ಮಕ್ಕಳಿಗೆ ನಮ್ಮ ನಾಡಿನ ಚರಿತ್ರೆಯನ್ನು ಸ್ವಲ್ಪ ತಿಳಿಸಿ ಎಂದು ಭಾವನನ್ನು ಕರೆದಿದ್ದರು. ಭಾವ ಕೋಟು ಹಾಕಿಕೊಂಡು ಬಂದರು. ನಾಡಿನ ಹೆಸರನ್ನು ಒಂದು ವಾಕ್ಯದಲ್ಲಿ ಮುಗಿಸಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹಾರಿದರು. ಚರ್ಮದ ಹಾಳೆ ಹೇಗಿರುತ್ತದೆ, ಶಾಯಿ ಹೇಗಿರುತ್ತದೆ, ಮೂಲಪತ್ರ ಯಾವುದು, ನಕಲು ಯಾವುದು. ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ದೆ ಹೋದರು. ಗೋಳಿಬಜೆ ತಣ್ಣಗಾಯಿತು. ಕೊನೆಗೆ, ಅಕ್ಕನ ಬೀದಿಯಲ್ಲಿ ಜಿನಸಿನ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ, ಪುತ್ತೂರು ಕಡೆಯವರು, ಎದ್ದು ನಿಂತು ತುಂಬ ಮರ್ಯಾದೆಯಿಂದ ಕೇಳಿದರು:

"ಎಲ್ಲ ಸರಿ ಮಾಷ್ಟ್ರೆ. ಆ ರಾಜ ಮಾಡಿದ್ದೆಂತ?"

"ಮಾಡಿದ್ದು? ಸಾಕ್ಷಿ ಹಾಕಿದ್ದಾನೆ."

"ಅದು ಆಯ್ತು. ಮತ್ತೆ?"

ಭಾವ ಕೋಟಿನ ಗುಂಡಿ ಹಾಕಿಕೊಂಡು, "ಸಿಕ್ಕಿದ ಆಧಾರದ ಪ್ರಕಾರ, ಮತ್ತೆ ಇಲ್ಲ" ಎಂದರು.

"ಹಾಗಾದ್ರೆ ಖಲಾಸ್" ಎಂದು ಕಾಕ ಕುಳಿತುಬಿಟ್ಟರು. ಸಭೆಗೆ ಸಭೆಯೇ ನಕ್ಕಿತು. ಭಾವ ಅಂದಿನಿಂದ ಆ ಅಂಗಡಿಯ ಸಾಮಾನು ಮನೆಗೆ ತರಬಾರದೆಂದು ಅಕ್ಕನಿಗೆ ಕಟ್ಟಪ್ಪಣೆ ಮಾಡಿದರು. ಅಕ್ಕ ಬಿಸಿಲಿನಲ್ಲಿ ಎರಡು ಬೀದಿ ದಾಟಿ ಅಕ್ಕಿ ಹೊತ್ತು ತರತೊಡಗಿದಳು.

ಇದೆಲ್ಲ ನಗುವ ಸಂಗತಿ. ನಾನೂ ನಗುತ್ತಿದ್ದೆ. ಆ ಚಳಿಗಾಲದ ಶುಕ್ರವಾರದ ನಂತರ ಆ ನಗು ಮೊದಲಿನಂತೆ ಉಳಿಯಲಿಲ್ಲ.

ಕಂಪನಿಯ ಹೊಸ ಮ್ಯಾನೇಜರನ ಮನೆಗೆ ಇಂಗ್ಲೆಂಡಿನಿಂದ ಯಾರೋ ಡಾಕ್ಟರ್ ಬಂದಿದ್ದಾರೆ, ಅದೂ ಬಲ್ಬು ರಾಜ ಆಳಿದ ಕರಾವಳಿಯವರೇ ಎಂದು ಭಾವನಿಗೆ ತಿಳಿಯಿತು. ಔಷಧಿ ಕೊಡುವ ಡಾಕ್ಟರಲ್ಲ, ಓದಿ ಪದವಿ ಪಡೆದವರು. ಭಾವನಿಗೆ ಅಷ್ಟು ಸಾಕಾಯಿತು. ಮ್ಯಾನೇಜರನ ಕಾಲು ಕೈ ಹಿಡಿದು ಅವರನ್ನು ಶುಕ್ರವಾರದ ಊಟಕ್ಕೆ ಒಪ್ಪಿಸಿದರು. ವಾರವಿಡೀ ಮನೆಯಲ್ಲಿ ಮದುವೆಯ ಗಡಿಬಿಡಿ. ಪರದೆ ತೊಳೆಯುವುದು, ಪಕ್ಕದ ಮನೆಯಿಂದ ಮುಳ್ಳುಚಮಚ ತರುವುದು. ನನಗೆ ಬರ್ಕಾದ ಅಂಗಡಿಗೆ ಆಳು ಕಳಿಸಿ, ದೊಡ್ಡ ಅಂಜಲ್ ಮೀನು ತರಬೇಕೆಂದು ಹೇಳಿಸಿದರು. ನಾನಿದ್ದಲ್ಲಿ ಫೋನಿರಲಿಲ್ಲ. ಊರಿನವರಿಗೆ ಗೊತ್ತಿದ್ದದ್ದು ಭಾವನ ಆಫೀಸಿನ ನಂಬರ್ ಒಂದೇ.

ಬಂದವರು ಎತ್ತರದ, ಬಿಸಿಲಿಗೆ ಕೆಂಪಾದ, ಮೆಲುಮಾತಿನ ಮುದುಕ. ಅನ್ನ ಬಡಿಸುವ ಮೊದಲೇ ಭಾವ ಶುರು ಮಾಡಿದರು. ಅವರು ಸಹನೆಯಿಂದ ಕೇಳಿದರು. ಕೇಳಿ ಕೇಳಿ, ಮಧ್ಯೆ ಬಿಡುವು ಸಿಕ್ಕಾಗ, ಕ್ಷಮೆ ಕೇಳುವ ದನಿಯಲ್ಲಿ ಹೇಳಿದರು: ತಾನು ಓದಿದ್ದು ಮೀನಿನ ಶಾಸ್ತ್ರ, ಇಲ್ಲಿಗೆ ಬಂದದ್ದು ಈ ಕಡಲಿನ ಬೂತಾಯಿ ಮೀನನ್ನು ನೋಡಲು, ಚರಿತ್ರೆಯಲ್ಲಿ ಶಾಲೆಯಲ್ಲೂ ಹಿಂದೆ, ಈ ರಾಜನ ಹೆಸರನ್ನು ಇವತ್ತೇ ಕೇಳುತ್ತಿರುವುದು.

ಭಾವನ ಮುಖ ನೋಡಬೇಕಿತ್ತು. ನೋಡಿ ನಾನು ಸಂತೋಷಪಟ್ಟೆ ಕೂಡ.

ಮಾತು ಬದಲಿಸಲಿಕ್ಕೋ ಏನೋ, ಆ ಮುದುಕ ಅಕ್ಕನ ಕಡೆ ತಿರುಗಿ ಸಾರಿನ ರುಚಿಯನ್ನು ಹೊಗಳಿದರು. ಇಷ್ಟು ಕಷ್ಟದಲ್ಲೂ ಅಡಿಗೆ ಮಾಡಿ ಬಡಿಸುತ್ತಿದ್ದೀರಿ, ಸೀರಿಯಸ್ ಎಂದಿದ್ದರಲ್ಲ, ನಿಮ್ಮ ತಾಯಿ ಈಗ ಹೇಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು. ಸೋಮವಾರ ಊರಿಂದ ಫೋನ್ ಬಂದಾಗ ಅವರು ಮ್ಯಾನೇಜರನ ಕೋಣೆಯಲ್ಲೇ ಇದ್ದರಂತೆ.

ಅಕ್ಕ ಹತ್ತನೆಯ ತರಗತಿಯವರೆಗೆ ಓದಿದವಳು. ಮದರ್ ಎಂಬುದು ಅವಳಿಗೆ ತಿಳಿಯಿತು, ಸೀರಿಯಸ್ ಎಂಬುದೂ ತಿಳಿಯಿತು. ಸಾರಿನ ಸೌಟು ಹಿಡಿದವಳು ಹಿಡಿದಂತೆಯೇ ಭಾವನತ್ತ ತಿರುಗಿದಳು.

"ಅಮ್ಮನಿಗೆ ಎಂತ ಆಗಿದೆ?"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಊಟ ಮುಗಿಯಲಿ" ಎಂದರು.

"ಅಮ್ಮನಿಗೆ ಎಂತ ಆಗಿದೆ ಅಂತ ಕೇಳಿದೆ."

"ಗೆಸ್ಟ್ ಇದ್ದಾರೆ. ಊಟ ಮುಗಿಯಲಿ."

ನಾನು ಎದ್ದು ನಿಂತೆ. ನನ್ನ ಅಮ್ಮ ಕೂಡ ಅಲ್ಲವೇ. ಏನು ಕೂಗಿದೆನೋ ಈಗ ನೆನಪಿಲ್ಲ. ತುಳುವಿನಲ್ಲಿ ಕೂಗಿದೆ ಎಂಬುದು ನೆನಪಿದೆ. ಭಾವ ಆಗಲೂ ಸ್ವರ ಏರಿಸದೆ, ಕಡತ ಓದುವವರ ಹಾಗೆ ಹೇಳಿದರು: ಸೋಮವಾರ ಫೋನ್ ಬಂದಿತ್ತು. ಲಕ್ವ ಹೊಡೆದಿದೆಯಂತೆ, ಮಾತು ನಿಂತಿದೆಯಂತೆ. ಹೇಳಿದರೆ ಅಳು, ಗಲಾಟೆ. ಶುಕ್ರವಾರದ ಊಟ ಒಂದು ಮುಗಿಯಲಿ, ಆಮೇಲೆ ಹೇಳುವುದೆಂದು ಇಟ್ಟುಕೊಂಡಿದ್ದರು. "ಇವಳು ಹೋಗಿ ಲಕ್ವ ಬಿಡಿಸ್ಲಿಕ್ಕೆ ಉಂಟಾ?"

ಅಕ್ಕ ಸೌಟನ್ನು ಪಾತ್ರೆಗೆ ಇಳಿಸಿ ಒಳಗೆ ಹೋದಳು. ಆ ಇಂಗ್ಲಿಷ್ ಮುದುಕ ಎದ್ದು, ಕೈ ತೊಳೆಯದೆ, ಭಾವನಿಗೆ ಒಂದು ಮಾತೂ ಹೇಳದೆ, ನನ್ನ ಭುಜ ಹಿಡಿದು ತನ್ನ ಕಾರಿಗೆ ಕರೆದುಕೊಂಡು ಹೋದರು. ಆ ಕಾಲದಲ್ಲಿ ನಮ್ಮೆಲ್ಲರ ಪಾಸ್‌ಪೋರ್ಟು ಕಂಪನಿಯ ತಿಜೋರಿಯಲ್ಲಿ ಇರುತ್ತಿತ್ತು. ಶುಕ್ರವಾರ ಆಫೀಸು ಮುಚ್ಚಿತ್ತು. ನಾವು ಮೊದಲು ಮ್ಯಾನೇಜರನ ಮನೆಗೆ, ಅಲ್ಲಿಂದ ಕಂಪನಿಯ ಒಮಾನಿ ಮಾಲೀಕ, ನಮ್ಮ ವೀಸಾಗಳಿಗೆಲ್ಲ ಹೊಣೆಗಾರನಾದ ಕಫೀಲನ ಮನೆಗೆ ಹೋದೆವು. ಕಫೀಲ್ ನಮಾಜು ಮುಗಿಸಿ ಬಂದು ಮಲಗಿದ್ದವರು, ತಾಯಿ ಎಂಬ ಮಾತು ಕೇಳಿದೊಡನೆ ಟೋಪಿಯನ್ನೂ ಹಾಕಿಕೊಳ್ಳದೆ ಕೀಲಿಕೈ ತಂದರು. "ಯಲ್ಲಾ, ಯಲ್ಲಾ" ಎಂದು ನಮ್ಮನ್ನೇ ಅವಸರಪಡಿಸಿದರು. ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಸರಕಾರಿ ಇಲಾಖೆಗೆ ಹೋಗಿತ್ತು. ನಾನು ಹೋಗುವ ಹಾಗಿರಲಿಲ್ಲ. ಮರುದಿನದ ವಿಮಾನಕ್ಕೆ ಅಕ್ಕನನ್ನು ಒಬ್ಬಳನ್ನೇ ಹತ್ತಿಸಿದೆವು. ವಿಮಾನ ನಿಲ್ದಾಣಕ್ಕೆ ಬ್ಯಾರಿ ಕಾಕ ತಮ್ಮ ಗಾಡಿಯಲ್ಲಿ ಕರೆದೊಯ್ದರು. ಭಾವ ಬರಲಿಲ್ಲ.

ಅಕ್ಕ ಬೊಂಬಾಯಿಯಲ್ಲಿ ಇಳಿದು ಮಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ಅಮ್ಮ ತೀರಿಕೊಂಡಾಗಿತ್ತು. ಮನೆ ಮುಟ್ಟಿದಾಗ ಬೂದಿಯೂ ತಣ್ಣಗಾಗಿತ್ತಂತೆ. ಕೊನೆಕೊನೆಗೆ ಅಮ್ಮ ಮಾತಿಲ್ಲದಿದ್ದರೂ ಬಾಗಿಲ ಕಡೆಗೇ ಕಣ್ಣು ನೆಟ್ಟಿದ್ದರೆಂದು ಚಿಕ್ಕಮ್ಮ ಹೇಳಿದ್ದನ್ನು ಅಕ್ಕ ಆಮೇಲೆ ನನಗೆ ಹೇಳಿದಳು. ಸೋಮವಾರ ಹೊರಟಿದ್ದರೆ ಆ ಬಾಗಿಲಲ್ಲಿ ಅವಳು ನಿಂತಿರುತ್ತಿದ್ದಳು. ಇದಕ್ಕೆ ಆಧಾರ ಉಂಟು.

ಅಕ್ಕ ವಾಪಸು ಬರಲಿಲ್ಲ. ಉಡುಪಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸತೊಡಗಿದಳು. ಕೂಗಾಡಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ನಾನು ಫೋನಿನಲ್ಲಿ ಕೇಳಿದಾಗ, "ನನಗೆ ಅಲ್ಲಿ ಎಂತ ಕೆಲಸ ಉಂಟು?" ಎಂದಳು, ಅಷ್ಟೆ. ಇದನ್ನು ಭಾವನಿಗೆ ಮುಟ್ಟಿಸಿದೆ. ಅವರು ಉಗುರಿನಿಂದ ಹಾಳೆ ತಿರುವುತ್ತ, "ಹೆಂಗಸರಿಗೆ ಚರಿತ್ರೆಯ ಪ್ರಜ್ಞೆ ಕಡಿಮೆ" ಎಂದರು. ಅಂದಿನಿಂದ ನಾನು ಆ ಮನೆಗೆ ಹೋಗುವುದನ್ನು ಬಿಟ್ಟೆ.

ಬಿಟ್ಟರೂ ಅವರು ಕೊಡಿಸಿದ ಕೆಲಸವನ್ನು ಬಿಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ನಾನು ಆಮೇಲೆ ಬರ್ಕಾದ ಅಂಗಡಿಗೆ ಮೇಲ್ವಿಚಾರಕನಾದೆ, ಮದುವೆಯಾದೆ, ಮಕ್ಕಳನ್ನು ಮಸ್ಕತ್ತಿನ ಇಂಡಿಯನ್ ಸ್ಕೂಲಿನಲ್ಲಿ ಓದಿಸಿದೆ. ಎಲ್ಲವೂ ಆ ಮನುಷ್ಯ ಒಂದು ದಿನ ಕಫೀಲನ ಎದುರು ನಿಂತು, "ನನ್ನ ಹೆಂಡತಿಯ ತಮ್ಮ, ಒಳ್ಳೆಯ ಹುಡುಗ" ಎಂದು ಹೇಳಿದ್ದರಿಂದ ಆದದ್ದು. ಯಾರ ಮುಖ ನೋಡಲು ಹೇಸುತ್ತೇವೋ ಅವರ ಋಣದ ಅನ್ನ ತಿನ್ನುವುದಕ್ಕಿಂತ ಕಿರಿಕಿರಿ ಬೇರೆ ಇಲ್ಲ. ನಾನದನ್ನು ವರ್ಷಗಟ್ಟಲೆ ತಿಂದೆ.

ತೊಂಬತ್ತರ ದಶಕದಲ್ಲಿ ಕಂಪನಿಗೆ ಕಂಪ್ಯೂಟರ್ ಬಂತು, ಪತ್ರವ್ಯವಹಾರ ಹೆಚ್ಚಾಗಿ ಅರಬ್ಬಿಗೆ ತಿರುಗಿತು. ಏಳು ಸಾಲಿನಲ್ಲಿ ಮುಗಿಯುವುದನ್ನು ಎರಡು ಪುಟ ಬರೆಯುತ್ತಿದ್ದ ಗುಮಾಸ್ತ ಯಾರಿಗೂ ಬೇಡವಾದರು. ತೆಗೆದುಹಾಕಲು ಮನಸ್ಸಾಗದೆ ಕಫೀಲ್ ಅವರನ್ನು ಖಸಬ್‌ಗೆ ಕಳಿಸಿದರು. ಒಮಾನಿನ ಉತ್ತರದ ತುದಿ ಅದು. ಬೋಳು ಬೆಟ್ಟಗಳ ನಡುವೆ ಒಂದು ಬಂದರು. ಇರಾನಿನ ದೋಣಿಗಳು ಆಡು ತಂದು ಇಳಿಸಿ, ಸಾಮಾನು ತುಂಬಿಕೊಂಡು ಹೋಗುತ್ತವೆ. ಅಲ್ಲಿ ಕಂಪನಿಯ ಗೋದಾಮು ನೋಡಿಕೊಳ್ಳುವ ಕೆಲಸ. ಬಲ್ಬು ರಾಜನ ಬಗ್ಗೆ ಕೇಳಲು ಆಡುಗಳಿಗಾದರೂ ಪುರುಸೊತ್ತಿರುತ್ತದೆ ಎಂದು ನಾವು ಬರ್ಕಾದಲ್ಲಿ ನಕ್ಕೆವು.

ಎರಡು ಮೂರು ವರ್ಷ ಅಲ್ಲಿದ್ದರು. ಒಂದು ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆಯುವಾಗ ಎದೆ ಹಿಡಿದುಕೊಂಡು ಕುಸಿದು ಅಲ್ಲೇ ಹೋದರು. ಸಂಬಂಧಿಕ ಎಂದು ಒಮಾನಿನಲ್ಲಿದ್ದವನು ನಾನೊಬ್ಬನೇ. ಸಣ್ಣ ವಿಮಾನದಲ್ಲಿ ಖಸಬ್‌ಗೆ ಹೋದೆ.

ಅವರು ಬಾಡಿಗೆಗಿದ್ದ ಕೋಣೆಯ ಮಾಲೀಕ ಒಬ್ಬ ಒಮಾನಿ ಮುದುಕ. ಹರೆಯದಲ್ಲಿ ಹಡಗಿನಲ್ಲಿ ಬೊಂಬಾಯಿಗೆ ಹೋಗಿಬಂದವನು, ಅಲ್ಲಿನ ಹಿಂದಿ ಚೆನ್ನಾಗಿಯೇ ಮಾತಾಡುತ್ತಿದ್ದ. ಆಸ್ಪತ್ರೆಯ, ಪೊಲೀಸರ ಕೆಲಸಕ್ಕೆಲ್ಲ ನನ್ನ ಜೊತೆ ನಡೆದ. ಎಲ್ಲ ಮುಗಿದ ಮೇಲೆ ಮನೆಯ ಮುಂದಿನ ಚಾಪೆಯ ಮೇಲೆ ಕೂರಿಸಿ ಖರ್ಜೂರ, ಕಹ್ವಾ ಎಂಬ ಅವರ ಕಾಫಿ ಕೊಟ್ಟು ಹೇಳಿದ:

"ನಿನ್ನ ಭಾವ ಒಳ್ಳೆಯ ಕತೆಗಾರ. ದಿನಾ ಸಂಜೆ ಇಲ್ಲಿ ಕೂತು ಆ ರಾಜನ ಕತೆ ಹೇಳುತ್ತಿದ್ದರು. ಇನ್ನು ನನಗೆ ಸಂಜೆ ಕಳೆಯುವುದು ಕಷ್ಟ."

ನನಗೆ ನಗು ತಡೆಯಲಿಲ್ಲ. "ಆ ರಾಜನಿಗೆ ಕತೆಯೇ ಇಲ್ಲವಲ್ಲ ಚಾಚಾ. ಒಂದು ಪತ್ರದ ಕೆಳಗೆ ಸಾಕ್ಷಿ ಹಾಕಿದ್ದಾನೆ, ಅಷ್ಟೆ."

"ಯಾರು ಹೇಳಿದ್ದು?" ಮುದುಕ ನನ್ನನ್ನು ಪಾಪ ಎಂಬಂತೆ ನೋಡಿದ. "ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಅವನ ಸಣ್ಣ ರಾಜ್ಯ, ನಮ್ಮ ಖಸಬ್ ಹಾಗೆ. ಒಬ್ಬಳೇ ರಾಣಿ, ಅಡಿಗೆಯಲ್ಲಿ ಅವಳಿಗೆ ಸಮಾನರಿಲ್ಲ. ಒಂದು ಸಲ ದೊಡ್ಡ ದೊಡ್ಡ ರಾಜರು ಅವನಲ್ಲಿಗೆ ಊಟಕ್ಕೆ ಬಂದು ಕೂತಿದ್ದರು. ಆ ಹೊತ್ತಿಗೆ ರಾಣಿಯ ತಾಯಿಗೆ ಕಾಯಿಲೆ ಎಂದು ಸುದ್ದಿ ಬಂತು. ರಾಜ ಏನು ಮಾಡಿದ ಗೊತ್ತಾ? ಬಂದವರನ್ನೆಲ್ಲ ಹಸಿದ ಹೊಟ್ಟೆಯಲ್ಲೇ ಎಬ್ಬಿಸಿ ಕಳಿಸಿದ. ತಾನೇ ಲಾಯಕ್ಕೆ ಹೋಗಿ ಕುದುರೆಗೆ ಜೀನು ಕಟ್ಟಿ, ಅದೇ ಗಳಿಗೆಯಲ್ಲಿ ರಾಣಿಯನ್ನು ಹೊರಡಿಸಿದ. ಅವಳು ಸರಿಯಾದ ಹೊತ್ತಿಗೆ ಮುಟ್ಟಿದಳು. ತಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು."

ನನ್ನ ಕೈಯಲ್ಲಿದ್ದ ಕಹ್ವಾ ಆರಿಹೋಯಿತು. ನಾನು ಕೇಳಿದೆ: "ರಾಣಿ ತಿರುಗಿ ಬಂದಳಾ?"

"ಅದನ್ನು ನಾನೂ ಕೇಳಿದ್ದೆ. ಒಂದು ಸಂಜೆ, ಬಂದಳು ಎಂದರು. ಇನ್ನೊಂದು ಸಂಜೆ ಕೇಳಿದರೆ, ಇಲ್ಲ, ದಾರಿಯಲ್ಲಿದ್ದಾಳೆ ಎಂದರು." ಮುದುಕ ನನ್ನ ಲೋಟ ತೆಗೆದುಕೊಂಡು ಬಿಸಿ ಕಹ್ವಾ ತುಂಬಿದ. "ರಾಣಿಗೆ ಒಬ್ಬ ತಮ್ಮನೂ ಇದ್ದ. ರಾಜನೇ ದೂರದಿಂದ ಕರೆಸಿ ಉದ್ಯೋಗ ಕೊಟ್ಟಿದ್ದ. ಆಮೇಲೆ ಅವನು ಕಡೆಯವರೆಗೂ ಈ ಕಡೆ ತಲೆ ಹಾಕಲಿಲ್ಲವಂತೆ."

ನಾನು ಲೋಟವನ್ನು ಚಾಪೆಯ ಮೇಲಿಟ್ಟು, ಭಾವನ ಸಾಮಾನು ಕಟ್ಟಲು ಎದ್ದೆ.

ಇದನ್ನು ಪಶ್ಚಾತ್ತಾಪ ಎನ್ನುವವರಿದ್ದಾರೆ. ನನ್ನ ಹೆಂಡತಿಯೇ ಹಾಗೆನ್ನುತ್ತಾಳೆ. ನಾನು ಅನ್ನುವುದಿಲ್ಲ. ಉಡುಪಿಗೆ ಟಪಾಲಿತ್ತು, ಫೋನಿತ್ತು, ವರ್ಷಕ್ಕೊಮ್ಮೆ ರಜೆಯಿತ್ತು. ತಪ್ಪಾಯಿತು ಎಂಬ ಒಂದು ಮಾತನ್ನು ಹೆಂಡತಿಗೆ ಹೇಳಲಾಗದೆ, ಗುರುತಿಲ್ಲದ ಮುದುಕನ ಚಾಪೆಯ ಮೇಲೆ ಕುಳಿತು, ಮಾಡದೇ ಬಿಟ್ಟ ಕೆಲಸವನ್ನು ಸತ್ತು ಸಾವಿರ ವರ್ಷವಾದ ಒಬ್ಬನ ಕೈಯಲ್ಲಿ ಮಾಡಿಸಿದರು. ಆ ರಾಜನ ಹೆಸರಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ ಮನುಷ್ಯ, ಕೊನೆಗೆ ಅವನ ಮೇಲೂ ಸುಳ್ಳು ಹೇಳಿದರು. ನನಗೆ ಅವರ ಮೇಲಿದ್ದ ತಾತ್ಸಾರ ಅಂದು ಕಡಿಮೆಯಾಗಲಿಲ್ಲ. ಆದರೆ ಶವದ ಪೆಟ್ಟಿಗೆಯನ್ನು ವಿಮಾನಕ್ಕೆ ಏರಿಸುವಾಗ ಒಂದು ಬದಿಗೆ ಹೆಗಲು ಕೊಟ್ಟವನು ನಾನೇ. ಕೊಡಬೇಕಾದವನೂ ನಾನೇ.

ಉಡುಪಿಯಲ್ಲಿ ಕ್ರಿಯೆಗಳೆಲ್ಲ ಮುಗಿದ ಮೇಲೆ ಅಕ್ಕನ ಹೊಲಿಗೆಯ ಕೋಣೆಗೆ ಹೋದೆ. ಕಲಿಯುವ ಹುಡುಗಿಯರು ಬಂದಿರಲಿಲ್ಲ. ಹೇಳಬೇಕೋ ಬೇಡವೋ ಎಂದು ತುಂಬ ಯೋಚಿಸಿ, ಕೊನೆಗೆ ಖಸಬಿನ ಮುದುಕ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಊಟಕ್ಕೆ ಬಂದ ರಾಜರು, ಜೀನು ಕಟ್ಟಿದ ಕುದುರೆ, ತಲೆಯ ಮೇಲೆ ತಾಯಿಯ ಕೈ. ಅಕ್ಕ ಬಟ್ಟೆಯ ಅಂಚು ಮಡಿಸುತ್ತ ಕೇಳಿಸಿಕೊಂಡಳು. ಮುಗಿದ ಮೇಲೂ ಮಡಿಸುತ್ತಲೇ ಇದ್ದಳು.

"ಕುದುರೆ ಎಲ್ಲ ಬೇಡ ಇತ್ತು ಮಾರಾಯ" ಎಂದಳು. "ಸೋಮವಾರ ಮನೆಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು."